ಮದುಮಗ ಕಾಣೆಯಾದ ಸೋಮವಾರ

ಬುಧವಾರ ಬೆಳಿಗ್ಗೆ ಮುಂಡಪ್ಪಣ್ಣ ಝೈನಬಕ್ಕನ ಹೊಲಿಗೆ ಕೋಣೆಯ ಮೆಟ್ಟಿಲು ಹತ್ತಿದಾಗ ಅವರ ಕೈಯಲ್ಲಿ ಬಟ್ಟೆಯ ಕಟ್ಟು ಇರಲಿಲ್ಲ. ಬರಿಗೈಯಲ್ಲಿ ಆ ಮೆಟ್ಟಿಲು ಹತ್ತುವವರು ಎರಡೇ ಬಗೆ. ಕೊಟ್ಟ ರವಿಕೆ ಇನ್ನೂ ಆಗಲಿಲ್ಲವೆಂದು ಜಗಳಕ್ಕೆ ಬರುವವರು ಒಂದು, ಏನನ್ನಾದರೂ ಕಳೆದುಕೊಂಡವರು ಇನ್ನೊಂದು. ವಾಮದಪದವಿನಲ್ಲಿ ವಸ್ತು ಕಳೆದರೆ ಮೊದಲು ಮನೆಯೊಳಗೆ ಹುಡುಕುವುದು, ಆಮೇಲೆ ದೈವಕ್ಕೆ ಹೇಳಿಕೊಳ್ಳುವುದು, ಅದರಿಂದಲೂ ಆಗದಿದ್ದರೆ ಝೈನಬಕ್ಕನನ್ನು ಕೇಳುವುದು ಎಂಬ ಕ್ರಮ ನಡೆದುಬಂದಿತ್ತು. ಅವಸರದವರು ನಡುವಿನದನ್ನು ಹಾರಿ ನೇರವಾಗಿ ಇಲ್ಲಿಗೇ ಬರುತ್ತಿದ್ದರು.

ಝೈನಬಕ್ಕನ ಯಂತ್ರ ಕಿಟಕಿಗೆ ಮುಖಮಾಡಿ ಕುಳಿತಿತ್ತು. ಕಿಟಕಿಯಾಚೆ ಅವರ ಪೇರಳೆ, ಲಿಂಬೆ, ದಾಸವಾಳದ ಸಣ್ಣ ತೋಟ. ಅದರಾಚೆ ಮೊಣಕಾಲೆತ್ತರದ ಕೆಂಪುಕಲ್ಲಿನ ಗೋಡೆ. ಗೋಡೆಯಾಚೆ ಕಮಲಾವತಿಯಮ್ಮನ ಅಂಗಳ. ಮೂವತ್ತು ವರ್ಷದಿಂದ ಅವರು ಬಟ್ಟೆಗೆ ಒಂದು ಕಣ್ಣು, ತೋಟಕ್ಕೆ ಒಂದು ಕಣ್ಣು ಇಟ್ಟು ಹೊಲಿದಿದ್ದರು. ಅವರ ಅಳತೆ ಪುಸ್ತಕವನ್ನು ಮುಂದಿನಿಂದ ತೆರೆದರೆ ಮನುಷ್ಯರ ಎದೆ, ಸೊಂಟ, ತೋಳು. ಹಿಂದಿನಿಂದ ತೆರೆದರೆ ಬಂದುಹೋದ ಹಕ್ಕಿ, ಅಳಿಲು, ಉಡ, ಮುಂಗುಸಿ. ಯಾರೋ ಸೊಸೆಯ ಮೇಲೆ ಕಳವಿನ ಅಪವಾದ ಬಂದಿದ್ದಾಗ, ಬೆಳ್ಳಿಯ ಚಮಚವನ್ನು ಕಾಗೆಗೂಡಿನಿಂದ ಇಳಿಸಿ ಕೊಟ್ಟದ್ದು ಈ ಪುಸ್ತಕವೇ.

ಭವ್ಯಶ್ರೀ ಅಲ್ಲಿ ಸೀರೆಗೆ ಫಾಲ್ ಹಾಕಲು ಸೇರಿ ಮೂರು ವರ್ಷ. ಹಿಂದಿನ ಪುಟಗಳನ್ನು ಬರೆಯುವ ಕೆಲಸವೂ ಈಗ ಅವಳದೇ. ಆ ದಿನ ಅವಳ ಮಡಿಲಲ್ಲಿ ಸೀರೆ ಇರಲಿಲ್ಲ. ಬೆಳ್ಳಿ ಬಣ್ಣದ ದಪ್ಪನೆಯ ಕಾರಿನ ಕವರ್ ಇತ್ತು. ಕಮಲಾವತಿಯಮ್ಮನ ತಮ್ಮನ ಮಗ ಅಂಕಿತ್ ಸೋಮವಾರ ಮಧ್ಯಾಹ್ನ ತಂದುಕೊಟ್ಟದ್ದು. ಬಂಟ್ವಾಳದಲ್ಲಿ ಕೆಲಸ, ಅತ್ತೆಯ ಮನೆಯಲ್ಲಿ ವಾಸ, ತಿಂಗಳ ಹಿಂದೆ ಕೊಂಡ ಕಪ್ಪು ಕಾರು. ಬೆಳಿಗ್ಗೆ ಅಂಗಳದಲ್ಲಿ ಕಾರಿನ ಮೇಲೆ ಹಲಸಿನ ಕೊಂಬೆ ಬಿದ್ದು ಕವರ್ ಮೊಳದುದ್ದ ಹರಿಯಿತೆಂದು ಹೇಳಿಹೋಗಿದ್ದ. ಒಳಗಿನ ಬಿಳಿ ಅಸ್ತರಿನ ಎಳೆಗಳು ಹರಿದ ಬಾಯಿಯಿಂದ ಹೊರಗೆ ಚಾಚಿ ಸೂಜಿಗೆ ಅಡ್ಡ ಬರುತ್ತಿದ್ದವು. ಭವ್ಯಾ ಕತ್ತರಿ ತೆಗೆದಳು.

"ಕತ್ತರಿಸಬೇಡ, ಮೋಳೇ," ಎಂದರು ಝೈನಬಕ್ಕ. "ಒಳಗೆ ತಳ್ಳಿ ಹೊಲಿಯುವ." ಮತ್ತೆ ಬಾಗಿಲ ಕಡೆ ತಿರುಗಿದರು. "ಎಂತ ಮುಂಡಪ್ಪಣ್ಣ, ನಿಂತೇ ಇದ್ದೀರಿ? ಕುಳಿತರೆ ನಾನು ಅಳತೆ ತೆಗೆಯುವುದಿಲ್ಲ."

ಮುಂಡಪ್ಪಣ್ಣ ಕೂರಲಿಲ್ಲ. "ನನ್ನ ಮಗನನ್ನು ಉಳಿಸಿಕೊಡಬೇಕು ನೀವು."

"ಉಜ್ವಲನಿಗೆ ಎಂತಾಯ್ತು?"

"ಆಗಲಿಲ್ಲ. ನಾಳೆ ಆಗ್ತದೆ."

ವಿಷಯ ಹೀಗಿತ್ತು. ಊರಿಗೊಂದು ಗಂಡು ನವಿಲು ಅಂಟಿಕೊಂಡು ನಾಲ್ಕು ವರ್ಷವಾಗಿತ್ತು. ಅದರ ಠೀವಿ ನೋಡಿ ಝೈನಬಕ್ಕ ಪುಸ್ತಕದಲ್ಲಿ 'ಮದುಮಗ' ಎಂದು ಬರೆದಿದ್ದರು, ಊರೂ ಹಾಗೆಯೇ ಕರೆಯುತ್ತಿತ್ತು. ಬೆಳಕು ಹರಿಯುವಾಗ ಅದು ನೀರು ಹರಿಯುವ ತೋಡಿನ ಬದಿಯಲ್ಲಿ ಮುಂಡಪ್ಪಣ್ಣನ ಅಲಸಂಡೆ ಸಾಲಿಗೆ ಇಳಿಯುವುದು, ಎಂಟು ಗಂಟೆಗೆ ಕಮಲಾವತಿಯಮ್ಮ ಹಾಕುವ ಕಾಳಿಗೆ ಬರುವುದು. ಕಮಲಾವತಿಯಮ್ಮನಿಗೆ ಅದು ಮನೆಯ ಮಗುವಿನ ಹಾಗೆ, ಮುಂಡಪ್ಪಣ್ಣನಿಗೆ ಮನೆಗೆ ನುಗ್ಗಿದ ಮಾರಿಯ ಹಾಗೆ. ಸೋಮವಾರ ಅದು ಕಾಳಿಗೆ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಕಮಲಾವತಿಯಮ್ಮ ಹುಡುಕುತ್ತಾ ತೋಡಿಗೆ ಇಳಿದರೆ, ಅಲಸಂಡೆಯ ನಡುವೆ ಗರಿಗಳು ಚೆಲ್ಲಿದ್ದವು. ಪಂಪ್ ಶೆಡ್ಡಿನ ಮಾಡಿನ ಕೆಳಗೆ ಒಂದು ಮಣ್ಣಿನ ಚಟ್ಟಿ, ಅದರಲ್ಲಿ ನೆನೆದ ಹೆಸರುಕಾಳು, ತಳದಲ್ಲಿ ಬಿಳಿ ಹುಡಿ. ಅಲ್ಲಿಂದಲೇ ಅರಣ್ಯ ಇಲಾಖೆಗೆ ಫೋನ್ ಹೋಗಿತ್ತು.

"ನಾಳೆ ಹತ್ತು ಗಂಟೆಗೆ ಅವರ ಸಾಹೇಬರು ಬಂದು ಮಹಜರು ಬರೆಯುತ್ತಾರಂತೆ," ಎಂದರು ಮುಂಡಪ್ಪಣ್ಣ. "ಆ ಜಾಗ ಪಾಲಿನಲ್ಲಿ ಉಜ್ವಲನ ಹೆಸರಿಗೆ ಬಂದದ್ದು. ಹಾಗಾಗಿ ಕೇಸಿನಲ್ಲಿ ಮೊದಲು ಅವನ ಹೆಸರು. ಶುಕ್ರವಾರ ಪೊಲೀಸಿನವರು ಅವನ ವಿಚಾರಣೆಗೆ ಬರುವುದು, ಮಸ್ಕತ್ತಿನ ಹೋಟೆಲಿನ ಕೆಲಸಕ್ಕೆ ಪೊಲೀಸ್ ಕ್ಲಿಯರೆನ್ಸ್ ಬೇಕಲ್ಲ. ನವಿಲು ಕೊಂದ ಕೇಸು ಉಂಟು ಅಂತಾದರೆ ಕೊಡ್ತಾರಾ? ಮುಂದಿನ ವಾರ ಗುರುವಾರದ ಟಿಕೆಟು. ಎರಡು ವರ್ಷ ಕಾದದ್ದು ಅವನು."

"ನೀವು ಕೊಂದಿದ್ದೀರಾ?"

"ಇಲ್ಲ."

"ಪೇಟೆಯಲ್ಲಿ ನಿಂತು 'ಇದರ ಕುತ್ತಿಗೆ ತಿರುಚದಿದ್ದರೆ ನಾನು ಮುಂಡಪ್ಪ ಅಲ್ಲ' ಅಂದದ್ದು?"

"ಅಂದಿದ್ದೇನೆ. ನಾಲ್ಕು ಜನ ಕೇಳಿದ್ದಾರೆ."

"ನಾಲ್ಕು ಎಲ್ಲಿ ಬಂತು ಮಾರ್ರೆ, ನನಗೂ ಇಲ್ಲಿವರೆಗೆ ಕೇಳಿತ್ತು." ಝೈನಬಕ್ಕ ಕನ್ನಡಕ ಒರೆಸಿದರು. "ಆ ಚಟ್ಟಿ ಯಾರದ್ದು?"

"ನನ್ನದೇ. ಶೆಡ್ಡಿನಲ್ಲಿ ಬಿದ್ದಿರ್ತದೆ. ಬಾಗಿಲೇ ಇಲ್ಲದ ಶೆಡ್ಡು, ಯಾರು ಬೇಕಾದರೂ ತೆಗೆಯಬಹುದು."

"ಸರಿ. ಮುಂದೆ ನಡೆಯಿರಿ, ಬರ್ತೇವೆ."

ಚಪ್ಪಲಿ ಹಾಕುವಷ್ಟರಲ್ಲಿ ಭವ್ಯಾಳ ಫೋನು ಗುಂಯ್‌ಗುಟ್ಟಿತು. ನೆರಿಯ ಊರಿನ ಸೌದಾ. ಇಲ್ಲೇ ಹೊಲಿಗೆ ಕಲಿತು ಮದುವೆಯಾಗಿ ಹೋದವಳು, ದಿನಕ್ಕೊಮ್ಮೆ ತನ್ನ ಅಂಗಳದ ಸುದ್ದಿ ಹೇಳಿ ಕಳಿಸುವವಳು. "ಬರ್ಕೋ ಭವ್ಯಾ. ಎರಡು ಮಂಗಟ್ಟೆ ಹಕ್ಕಿ, ಆಲದ ಹಣ್ಣಿಗೆ. ಕೆಂದಳಿಲು ಒಂದು. ನಿನ್ನೆಯಿಂದ ಗಂಡು ನವಿಲು ಒಂದು, ಇವರ ಬೈಕಿನ ಕನ್ನಡಿಯ ಜೊತೆ ಜಗಳ ಮಾಡ್ತದೆ. ಕೇರೆಹಾವು ಒಂದು, ಬಚ್ಚಲಿನ ಹತ್ತಿರ, ಅತ್ತೆ ಕಿರುಚಿದ್ದು ಬೇರೆ." ಭವ್ಯಾ ನಿಂತಲ್ಲೇ ಬರೆದುಕೊಂಡು ಪುಸ್ತಕ ಮುಚ್ಚಿದಳು. ಅವಳ ತಲೆಯಲ್ಲಿ ಆಗ ಇದ್ದದ್ದು ಉಜ್ವಲನ ಮುಖ. ಶಾಲೆಯಲ್ಲಿ ಅವಳಿಗಿಂತ ಎರಡು ಕ್ಲಾಸು ಮುಂದೆ ಇದ್ದವನು, ಇರುವೆ ತುಳಿದರೂ ಹಿಂದೆ ತಿರುಗಿ ನೋಡುವವನು.

ತೋಡು ಮಳೆಗಾಲದ ಕೆಮ್ಮಣ್ಣನ್ನು ಇನ್ನೂ ಬಿಟ್ಟಿರಲಿಲ್ಲ, ನೀರು ಚಹಾದ ಬಣ್ಣಕ್ಕಿತ್ತು. ಎರಡು ದಿನದಿಂದ ಮಾತ್ರ ಮಳೆ ಬಿಡುವು ಕೊಟ್ಟಿತ್ತು. ಫಾರೆಸ್ಟ್ ಗಾರ್ಡ್ ವೆಂಕಪ್ಪ ಕಲ್ಲಿನ ಮೇಲೆ ಕುಳಿತು ಎಲೆಯಡಿಕೆ ಜಗಿಯುತ್ತಿದ್ದರು. ಚಟ್ಟಿಯ ಮೇಲೆ ಪ್ಲಾಸ್ಟಿಕ್ ಬುಟ್ಟಿ ಕವುಚಿಟ್ಟಿತ್ತು.

"ಮುಟ್ಟಲಿಕ್ಕಿಲ್ಲ, ಝೈನಬಕ್ಕ."

"ಮುಟ್ಟುವುದಿಲ್ಲ ವೆಂಕಪ್ಪಣ್ಣ. ನೋಡಲಿಕ್ಕೆ ನಿಮ್ಮ ಇಲಾಖೆಯ ಪರವಾನಗಿ ಬೇಕಾ?"

ವೆಂಕಪ್ಪ ನಕ್ಕು ಬುಟ್ಟಿ ಎತ್ತಿದರು. ಝೈನಬಕ್ಕ ಬಗ್ಗಿ ಬಹಳ ಹೊತ್ತು ನೋಡಿದರು. ಕಾಳು ಅರ್ಧ ಮುಗಿದಿತ್ತು. ಉಳಿದ ನೀರು ತಿಳಿಯಾಗಿತ್ತು, ಚಟ್ಟಿಯ ತಳದ ಗೆರೆಗಳು ಕಾಣುವಷ್ಟು. ತಳದಲ್ಲಿದ್ದ ಹುಡಿ ಹಾಲಿನ ಹಾಗೆ ಬಿಳಿ.

"ಭವ್ಯಾ, ಈ ನೀರಿನ ಬಣ್ಣ ಬರೆದುಕೋ," ಎಂದು ಅವರು ಗರಿಗಳ ಕಡೆ ಹೋದರು. ಹನ್ನೊಂದು ಗರಿ. ಕೆಲವು ಹೊಸದಾಗಿ ಹೊಳೆಯುತ್ತಿದ್ದವು, ಕೆಲವು ಮಣ್ಣು ಹಿಡಿದು ಮಳೆಗೆ ಮಾಸಿದ್ದವು. ಬುಡಗಳೆಲ್ಲ ನುಣುಪು, ಸೂಜಿಯ ಹಿಂಬದಿಯ ಹಾಗೆ. "ಸಣ್ಣ ಪುಕ್ಕ ಸಿಕ್ಕಿತಾ ವೆಂಕಪ್ಪಣ್ಣ? ಎದೆಯದ್ದು, ಕುತ್ತಿಗೆಯದ್ದು? ರಕ್ತ?"

"ಇಲ್ಲ. ಗೋಣಿಯಲ್ಲಿ ಹಾಕಿ ಬೇರೆ ಕಡೆ ಕೊಯ್ದಿರಬೇಕು." ವೆಂಕಪ್ಪ ಸ್ವಲ್ಪ ಸಂಕೋಚದಿಂದ ಕೆಮ್ಮಿದರು. "ಹೇಳಬಾರದು. ಸೋಮವಾರ ಬೆಳಿಗ್ಗೆ ನಿಮ್ಮ ತಮ್ಮನ ಗಾಡಿ ಮೇಲಿನ ರಸ್ತೆಗೆ ಬಂದಿತ್ತಂತೆ. ಕೋಳಿಯ ಗೂಡು ಕಟ್ಟಿದ ಗಾಡಿ."

"ಅವನನ್ನೂ ಕೇಳುವ. ತಮ್ಮ ಅಂತ ಬಿಡುವುದಿಲ್ಲ. ಅದು ಎಂತ ಬಟ್ಟೆ?"

ತೋಡಿಗೆ ಇಳಿಯುವ ಕಲ್ಲಿನ ಪಕ್ಕದ ದಾಸವಾಳದ ಗೆಲ್ಲಿಗೆ ಒಂದು ಬಿಳಿ ಬಟ್ಟೆ ಸಿಕ್ಕಿಸಿತ್ತು. ಹಳೆಯ ಪಂಚೆಯಿಂದ ಹರಿದ ಚೌಕ. ಎರಡು ಪದರ ಮಡಿಸಿದ್ದು ಹಾಗೆಯೇ ಒಣಗಿತ್ತು. ನಡುವೆ ಅಂಗೈಯಗಲ ಕೆಂಪಗಿನ ವೃತ್ತ, ಅದೂ ತೊಳೆದ ಮೇಲೆ ಉಳಿದಷ್ಟು ಮಸುಕು.

"ವಿಷ ಸೋಸಿದ ಬಟ್ಟೆ," ಎಂದರು ವೆಂಕಪ್ಪ. "ಅದೂ ಮಹಜರಿನಲ್ಲಿ ಬರ್ತದೆ."

"ವಿಷವನ್ನು ಯಾರಾದರೂ ಸೋಸುತ್ತಾರಾ? ಕಸ ಹೋದರೆ ರುಚಿ ಹೆಚ್ಚುತ್ತದಾ?"

ಹಿಂದೆ ನಿಂತಿದ್ದ ಉಜ್ವಲ್ ಮೊದಲ ಬಾರಿ ಬಾಯಿ ಬಿಟ್ಟ. "ನನ್ನನ್ನು ಬರೆದುಬಿಡಲಿ ಅಂತ ಅಪ್ಪನಿಗೆ ಹೇಳಿದೆ ಅಕ್ಕ. ಅವರನ್ನು ಈ ವಯಸ್ಸಿನಲ್ಲಿ ಕೋರ್ಟಿಗೆ ತಿರುಗಿಸುವುದು ಬೇಡ."

"ಇಬ್ಬರೂ ಹೀಗೆ ತ್ಯಾಗಕ್ಕೆ ನಿಂತರೆ ಕಳ್ಳನಿಗೆ ಕೆಲಸವೇ ಇಲ್ಲ ಮಾರಾಯ," ಎಂದು ಝೈನಬಕ್ಕ ದಿಬ್ಬ ಹತ್ತಿದರು.

ತಮ್ಮ ಹನೀಫಾ ಅಂಗಡಿಯಲ್ಲಿ ಕೋಳಿ ತೂಗುತ್ತಿದ್ದ. ಅಕ್ಕ ವಿಷಯ ಹೇಳಿದಾಗ ಅವನಿಗೆ ಸಿಟ್ಟಿಗಿಂತ ನಗು ಹೆಚ್ಚು ಬಂತು. "ನವಿಲನ್ನು ನನ್ನ ಗೂಡಿಗೆ ತುರುಕಲಿಕ್ಕೆ ಅದರ ಕಾಲನ್ನು ಜೇಬಿನಲ್ಲಿ ಇಡಬೇಕು. ಆರೂವರೆಗೆ ಬಂದದ್ದು ಹೌದು. ಕಮಲಕ್ಕನ ಮನೆಯ ಮುಂದೆ ಗಾಡಿ ತಿರುಗಿಸಿ ಹೋದೆ."

"ಅಲ್ಲಿ ತಿರುಗಿಸಲಿಕ್ಕೆ ಜಾಗ ಎಲ್ಲಿ ಉಂಟು?"

"ಆ ದಿನ ಇತ್ತು. ಕಾರು ಇರಲಿಲ್ಲ, ಅದರ ಕವರೂ ಇರಲಿಲ್ಲ. ಬೇರೆ ದಿನ ಅಂಕಿತ್ ಕಾರು ತೆಗೆದರೂ ಕವರಿನ ಮೇಲೆ ನಾಲ್ಕು ಕಲ್ಲು ಇಟ್ಟು ಅಲ್ಲೇ ಬಿಟ್ಟು ಹೋಗ್ತಾನೆ. ತುಳಿದರೆ ಬೈಯುತ್ತಾನೆ ಅಂತ ನಾನು ಬಸ್‌ಸ್ಟ್ಯಾಂಡಿನವರೆಗೆ ರಿವರ್ಸಿನಲ್ಲೇ ಬರುವುದು."

ಭವ್ಯಾ ಬರೆದುಕೊಂಡಳು, ಆದರೆ ಯಾಕೆಂದು ಅವಳಿಗೆ ಹೊಳೆಯಲಿಲ್ಲ.

ಕಮಲಾವತಿಯಮ್ಮ ಜಗಲಿಯಲ್ಲಿ ಕುಳಿತಿದ್ದರು. ಭಾದ್ರಪದದಲ್ಲಿ ಜೈನರು ಆಚರಿಸುವ ದಶಲಕ್ಷಣ ವ್ರತದ ಹತ್ತು ದಿನಗಳಲ್ಲಿ ಅದು ಐದನೆಯದು. ಅತ್ತೆ, ಅಳಿಯ ಇಬ್ಬರದೂ ಒಪ್ಪೊತ್ತು, ಮಧ್ಯಾಹ್ನ ಒಂದೇ ಊಟ. ಅವರ ಪಕ್ಕದಲ್ಲಿ ಕಾಳಿನ ತಟ್ಟೆ ಹಾಗೆಯೇ ಇತ್ತು. ಒಂದು ಮಡಿವಾಳ ಹಕ್ಕಿ ಅದರ ಅಂಚಿಗೆ ಬಂದು ಬಾಲ ಕುಣಿಸಿ, ತನ್ನ ಬಾಬತ್ತಿನದು ಏನೂ ಇಲ್ಲವೆಂದು ಹೋಯಿತು.

"ನೀವು ಅವರ ಪರ ಬಂದದ್ದಾ?" ಎಂದರು ಕಮಲಾವತಿಯಮ್ಮ.

"ನಾನು ಮದುಮಗನ ಪರ, ಕಮಲಕ್ಕ. ಬಿಸಿಲಲ್ಲಿ ಬಂದೆವು, ಈ ಹುಡುಗಿಗೆ ಸ್ವಲ್ಪ ನೀರು ಕೊಡಿ."

ಮುನಿಸಿನಲ್ಲಿಯೂ ಕಮಲಾವತಿಯಮ್ಮ ಎದ್ದರು. ಬಾವಿಯಿಂದ ಸೇದಿದ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿದರು. ಬಟ್ಟೆಯನ್ನು ಮಗುಚಿ, ಅದರಲ್ಲಿ ಉಳಿದದ್ದನ್ನು ಸೋಸಿದ ನೀರಿನಿಂದಲೇ ಬಿಂದಿಗೆಗೆ ತೊಳೆದು, ಬಿಂದಿಗೆಯನ್ನು ಬಾವಿಯ ತಳದವರೆಗೆ ಮೆಲ್ಲಗೆ ಇಳಿಸಿದರು. ಆಮೇಲೆ ಲೋಟ ಕೊಟ್ಟರು. ಭವ್ಯಾ ಚಿಕ್ಕಂದಿನಿಂದ ನೂರು ಸಲ ನೋಡಿದ್ದು ಅದು. ಕುಡಿದು ಲೋಟ ಇಟ್ಟಳು.

ಅಂಗಳದಲ್ಲಿ ಅಂಕಿತ್ ಕಾರು ತೊಳೆಯುತ್ತಿದ್ದ. ಕನ್ನಡಿಯ ಹಾಗೆ ಹೊಳೆಯುವ ಕಪ್ಪು. ತೊಡೆಯೆತ್ತರದಲ್ಲಿ ಮಾತ್ರ, ಎರಡೂ ಬದಿಯ ಬಾಗಿಲುಗಳ ಮೇಲೆ, ಸಣ್ಣ ಸಣ್ಣ ಚುಕ್ಕೆಯಂಥ ಗುರುತುಗಳು ಒತ್ತೊತ್ತಾಗಿ ಇದ್ದವು.

"ಇದೆಂತ ಅಂಕಿತ್, ಕಾರಿಗೆ ಸಿಡುಬಾ?"

"ಪೊದೆ ತಾಗಿದ್ದು, ಝೈನಬಕ್ಕ. ಕವರ್ ಆಯ್ತಾ?"

"ನಾಳೆ ಆಗ್ತದೆ. ಸೋಮವಾರ ಬೆಳಿಗ್ಗೆ ನೀನು ತೋಡಿನ ಕಡೆ ಯಾರನ್ನಾದರೂ ಕಂಡೆಯಾ?"

"ನಾನು ಊರಲ್ಲಿ ಇರಲೇ ಇಲ್ಲ. ನಸುಕಿಗೇ ಮೂಡುಬಿದಿರೆಯ ಬಸದಿಗೆ ಹೋಗಿದ್ದೆ, ಅಭಿಷೇಕಕ್ಕೆ. ಬರುವಾಗ ಹನ್ನೊಂದು." ಅವನು ಬಟ್ಟೆ ಹಿಂಡಿದ. "ಅತ್ತೆಗೆ ಬೇಸರ ಆಗಿದೆ. ಇದನ್ನು ಇಲ್ಲಿಗೇ ಬಿಡುವುದು ಒಳ್ಳೆಯದು ಅಂತ ನಾನೂ ಹೇಳಿದೆ. ಹಕ್ಕಿ ಎಲ್ಲೋ ಹಾರಿಹೋಗಿರಬಹುದು."

ಕೋಣೆಗೆ ಮರಳಿದ ಮೇಲೆ ಝೈನಬಕ್ಕ ಪುಸ್ತಕವನ್ನು ಹಿಂದಿನಿಂದ ತೆರೆದು ಆಗಸ್ಟ್ ತಿಂಗಳನ್ನು ಎರಡು ಸಲ ಓದಿದರು. "ಆ ಕವರ್ ಹೊಲಿಯುವುದು ನಿಲ್ಲಿಸು," ಎಂದರು. "ಸೌದಾಳಿಗೆ ಫೋನ್ ಮಾಡು. ಅವಳ ನವಿಲಿನ ಕಾಲು ಕಾಣುವ ಹಾಗೆ ವಿಡಿಯೋ ಬೇಕು. ಬಾಲ ಬೇಡ, ಕಾಲು."

"ಯಾಕೆ, ಝೈನಬಕ್ಕ?"

"ಮದುಮಗನನ್ನು ಎಲ್ಲರೂ ಬಾಲದಲ್ಲಿ ಗುರುತಿಸುವುದು. ಬಾಲ ಉದುರಿದರೆ ಎಂತ ಮಾಡ್ತಿ?"

ಗುರುವಾರ ಹತ್ತು ಗಂಟೆಗೆ ಕಮಲಾವತಿಯಮ್ಮನ ಜಗಲಿಯಲ್ಲಿ ಎಲ್ಲರೂ ಸೇರಿದರು. ಸಾಹೇಬರು ಕುರ್ಚಿಯಲ್ಲಿ, ವೆಂಕಪ್ಪ ಕಾಗದಗಳೊಂದಿಗೆ ಅವರ ಪಕ್ಕದಲ್ಲಿ. ಮುಂಡಪ್ಪಣ್ಣ ಮತ್ತು ಉಜ್ವಲ್ ಮೆಟ್ಟಿಲಿನ ಕೆಳಗೇ ನಿಂತರು, ಹತ್ತಿರೆಂದು ಯಾರೂ ಹೇಳಲಿಲ್ಲ. ಹನೀಫಾ ಗಾಡಿಗೆ ಒರಗಿದ್ದ. ಅಂಕಿತ್ ಬಾಗಿಲ ಚೌಕಟ್ಟಿಗೆ ಆನಿಕೊಂಡಿದ್ದ.

"ಸಾಹೇಬ್ರೇ, ಬರೆಯುವ ಮೊದಲು ಒಂದು ಅರ್ಧ ಗಂಟೆ ಕೊಡಬೇಕು," ಎಂದರು ಝೈನಬಕ್ಕ. "ನಾನು ದರ್ಜಿ. ಹೊಲಿದದ್ದು ಸರಿಯಿಲ್ಲದಿದ್ದರೆ ಬಿಚ್ಚದೆ ಬಿಡುವ ಅಭ್ಯಾಸ ಇಲ್ಲ."

ಸಾಹೇಬರು ಗಡಿಯಾರ ನೋಡಿ ತಲೆಯಾಡಿಸಿದರು.

"ಮೊದಲು ಗರಿ. ಕಿತ್ತ ಗರಿಯಾದರೆ ಬುಡದಲ್ಲಿ ರಕ್ತ, ಚರ್ಮ ಇರಬೇಕು. ಇವು ನುಣ್ಣಗೆ ಇವೆ, ತಾವಾಗಿ ಉದುರಿದವು. ಒಂದೇ ದಿನದವೂ ಅಲ್ಲ, ಅರ್ಧ ಮಾಸಿವೆ, ಅರ್ಧ ಹೊಸತು. ಭವ್ಯಾ, ಓದು."

ಭವ್ಯಾ ಓದಿದಳು. "ಆಗಸ್ಟ್ ಹತ್ತು, ಮದುಮಗನ ಬಾಲದಲ್ಲಿ ಸಂದು. ಆಗಸ್ಟ್ ಹತ್ತೊಂಬತ್ತು, ಎಡಬದಿ ತೆಳು. ಆಗಸ್ಟ್ ಮೂವತ್ತು, ಬಾಲ ಅರ್ಧ."

"ಮಳೆಗಾಲ ಮುಗಿಯುವಾಗ ಗಂಡು ನವಿಲು ಗರಿ ಉದುರಿಸುವುದು ಸಾಹೇಬರಿಗೆ ನನಗಿಂತ ಚೆನ್ನಾಗಿ ಗೊತ್ತುಂಟು. ದಿನಾ ಅಲಸಂಡೆ ತಿನ್ನಲಿಕ್ಕೆ ಹೋಗುವ ಹಕ್ಕಿ ಗರಿಯನ್ನು ಅಲಸಂಡೆಯಲ್ಲೇ ಉದುರಿಸ್ತದೆ. ಹಾಗಾಗಿ ಅಲ್ಲಿ ಕೊಂದದ್ದಕ್ಕೆ ಸಾಕ್ಷಿ ಇಲ್ಲ. ಕೊಯ್ದು ಮಾರಿದ್ದಕ್ಕೆ ಮೊದಲೇ ಇಲ್ಲ, ಒಂದು ಎಳೆ ಸಣ್ಣ ಪುಕ್ಕವೂ ಸಿಗಲಿಲ್ಲ."

"ಚಟ್ಟಿ ಉಂಟಲ್ಲ," ಎಂದರು ವೆಂಕಪ್ಪ.

"ಉಂಟು. ಅದರಲ್ಲಿ ಯಾರೋ ಏನೋ ಬೆರೆಸಿದ್ದೂ ನಿಜ. ಆದರೆ ಎರಡು ಹೆಜ್ಜೆ ಆಚೆ ತೋಡು ಕೆಂಪಗೆ ಹರಿಯುವಾಗ ಚಟ್ಟಿಯ ನೀರು ತಿಳಿ ಹೇಗೆ? ಕೆಮ್ಮಣ್ಣು ತಳಕ್ಕೆ ಇಳಿಯಿತು ಅನ್ನುವ ಹಾಗಿಲ್ಲ, ಇಳಿದರೆ ತಳದ ಹುಡಿ ಕೆಂಪಾಗಬೇಕು, ಅದು ಹಾಲಿನ ಹಾಗೆ ಬಿಳಿ. ಆ ನೀರನ್ನು ಸೋಸಿಯೇ ತುಂಬಿದ್ದು. ಬಟ್ಟೆ ಅಲ್ಲೇ ಉಂಟು. ಎರಡು ಮಡಿಕೆ, ನಡುವೆ ಕೆಂಪು. ವೆಂಕಪ್ಪಣ್ಣ ಅದನ್ನು ವಿಷದ ಬಟ್ಟೆ ಅಂದರು. ವಿಷ ಆಗಿದ್ದರೆ ಬಿಳಿ ಹುಡಿ ಬಟ್ಟೆಯಲ್ಲಿ ನಿಲ್ಲಬೇಕಿತ್ತು, ಚಟ್ಟಿಯಲ್ಲಿ ಅಲ್ಲ. ಅಂದರೆ ಸೋಸಿದ್ದು ಬರೀ ನೀರು, ಹುಡಿ ಹಾಕಿದ್ದು ಆಮೇಲೆ. ಸೋಸಿ ಬಟ್ಟೆಯನ್ನು ಎಸೆಯಲಿಲ್ಲ. ನೀರು ತೆಗೆದ ಅದೇ ಕಲ್ಲಿನ ಹತ್ತಿರ, ಅದೇ ತೋಡಿಗೆ ತೊಳೆದು, ಮಡಿಕೆ ಬಿಚ್ಚದೆ ಒಣಗಲು ಹಾಕಿದ್ದು."

ಕಮಲಾವತಿಯಮ್ಮನ ಕೈ ಕಾಳಿನ ತಟ್ಟೆಯ ಮೇಲೆ ನಿಂತಿತು.

"ಮುಂಡಪ್ಪಣ್ಣ ಆ ತೋಡಿನ ನೀರನ್ನು ಬೊಗಸೆಯಲ್ಲೇ ಕುಡಿಯುವವರು. ನಾನೂ ಸೋಸುವುದಿಲ್ಲ, ವೆಂಕಪ್ಪಣ್ಣನೂ ಸೋಸುವುದಿಲ್ಲ. ನವಿಲಿಗೆ ಮದ್ದು ಹಾಕಲು ಹೋದವನು, ನಸುಕಿನಲ್ಲಿ, ಯಾರಾದರೂ ನೋಡಿಯಾರು ಎಂಬ ಹೆದರಿಕೆಯಲ್ಲಿ, ನೀರಿನ ಸಣ್ಣ ಜೀವ ಸಾಯಬಾರದು ಅಂತ ಮೊದಲು ಸೋಸುತ್ತಾನೆ, ಸೋಸಿದ ಜೀವವನ್ನು ಬಂದಲ್ಲಿಗೇ ಬಿಡುತ್ತಾನೆ. ಯೋಚಿಸಿ ಮಾಡಿದ್ದಲ್ಲ ಅದು. ಕೈಗೆ ಹುಟ್ಟಿನಿಂದ ಬಂದ ಅಭ್ಯಾಸ. ಅಂಥ ಕೈ ಇರುವ ಮನೆ ಇಲ್ಲಿ ಒಂದೇ. ಆ ಮನೆಯಲ್ಲಿ ಇಬ್ಬರು. ಕಮಲಕ್ಕನಿಗೆ ಕಾರು ಬಿಡಲಿಕ್ಕೆ ಬರುವುದಿಲ್ಲ."

ಯಾರೂ ಅಂಕಿತ್ ಕಡೆ ನೋಡಲಿಲ್ಲ. ಹಾಗಾಗಿ ಅವನೇ ಎಲ್ಲರನ್ನೂ ನೋಡಬೇಕಾಯಿತು.

"ಕಾರು ಯಾಕೆ ಬಂತು ನಡುವೆ?" ಎಂದರು ಸಾಹೇಬರು.

"ಎಲ್ಲ ಶುರುವಾದದ್ದೇ ಅದರಿಂದ. ಗಂಡು ನವಿಲಿಗೆ ಹೊಳೆಯುವ ಕಪ್ಪಿನಲ್ಲಿ ಇನ್ನೊಂದು ಗಂಡು ಕಾಣ್ತದೆ. ಕಾರಿನ ಎರಡೂ ಬದಿ ನೋಡಿ, ಸರಿಯಾಗಿ ಅದರ ಕೊಕ್ಕಿನ ಎತ್ತರ. ಪೊದೆಯಾದರೆ ಉದ್ದ ಗೆರೆ ಎಳೆಯುತ್ತದೆ, ಕುಕ್ಕುವುದಿಲ್ಲ. ಕವರ್ ಬಂದದ್ದು ಅದಕ್ಕೇ. ಈಗ ಆ ಕವರ್ ನೋಡಿ." ಭವ್ಯಾ ಕವರನ್ನು ಹರಡಿದಳು. "ಕೊಂಬೆ ಮೇಲಿನಿಂದ ಬಿದ್ದರೆ ಬಟ್ಟೆ ಒಳಗೆ ಹರಿಯಬೇಕು. ಇಲ್ಲಿ ಒಳಗಿನ ಅಸ್ತರಿನ ಬಿಳಿ ಎಳೆ ಹೊರಗೆ ಬಂದಿದೆ. ಒಳಗಿನಿಂದ ಹೊರಗೆ ಚುಚ್ಚಿ ಎಳೆದದ್ದು. ಕಾರಿಗೆ ಕೋಡು ಇಲ್ಲ. ಗಂಡು ನವಿಲಿನ ಕಾಲ ಹಿಂದೆ ಮುಳ್ಳು ಉಂಟು, ಚೂರಿಯ ಹಾಗೆ. ಇದರೊಳಗೆ ಕಾರಲ್ಲ, ಹಕ್ಕಿ ಇತ್ತು."

"ಮತ್ತೆ ಸೋಮವಾರ ಬೆಳಿಗ್ಗೆ ಕೊಂಬೆ ಬಿದ್ದದ್ದು?" ಎಂದ ಹನೀಫಾ, ಉತ್ತರ ಗೊತ್ತಿದ್ದವನ ಹಾಗೆ.

"ಯಾವುದರ ಮೇಲೆ ಬೀಳಬೇಕು? ಆರೂವರೆಗೆ ಅಂಗಳದಲ್ಲಿ ಕಾರೂ ಇಲ್ಲ, ಕವರೂ ಇಲ್ಲ, ನೀನೇ ಗಾಡಿ ತಿರುಗಿಸಿದ್ದಿ. ಬಸದಿಗೆ ಹೋಗಿದ್ದೆ, ಬರುವಾಗ ಹನ್ನೊಂದು ಅಂತ ಅಂಕಿತ್ ಅಂದ. ಬಸದಿಗೆ ಹೋಗುವವ ಎಂದೂ ತೆಗೆದುಕೊಂಡು ಹೋಗದ ಕವರನ್ನು ಯಾಕೆ ಕೊಂಡೊಯ್ದ? ನಿದ್ದೆಗೆ ಜಾರಿದ ನವಿಲನ್ನು ಸುತ್ತಲಿಕ್ಕೆ. ಉಳಿದದ್ದು ಒಂದೇ ಪ್ರಶ್ನೆ, ಎಲ್ಲಿಗೆ. ಭವ್ಯಾ ಬುಧವಾರ ಬೆಳಿಗ್ಗೆಯೇ ಅದನ್ನು ತನ್ನ ಕೈಯಾರೆ ಬರೆದುಕೊಂಡಿದ್ದಳು."

ಭವ್ಯಾಳ ಕಿವಿ ಬಿಸಿಯಾಯಿತು. ಕನ್ನಡಿಯ ಜೊತೆ ಜಗಳ. ಅಷ್ಟು ಹತ್ತಿರ ಇದ್ದದ್ದನ್ನು ಅವಳು ಮಂಗಟ್ಟೆ ಮತ್ತು ಕೇರೆಹಾವಿನ ನಡುವೆ ಹೂತಿದ್ದಳು. ಫೋನನ್ನು ಸಾಹೇಬರ ಮುಂದೆ ಹಿಡಿದಳು. ಸೌದಾಳ ಅಂಗಳ, ಬೈಕು, ಬೈಕಿನ ಕನ್ನಡಿಯತ್ತ ಕುತ್ತಿಗೆ ಉಬ್ಬಿಸಿ ನಿಂತ ಅರ್ಧ ಬಾಲದ ನವಿಲು. ವಿಡಿಯೋ ಕಾಲಿನ ಹತ್ತಿರಕ್ಕೆ ಹೋಯಿತು. ಬಲಗಾಲಿನ ಹೊರಬೆರಳು ಅರ್ಧವೇ ಇತ್ತು.

"ಮೂರು ವರ್ಷದ ಹಿಂದಿನ ಪುಟದಲ್ಲಿ ಉಂಟು," ಎಂದರು ಝೈನಬಕ್ಕ. "'ಮದುಮಗನ ಬಲಗಾಲ ಹೊರಬೆರಳು ತುಂಡು, ಮುಂಗುಸಿಯೊಂದಿಗೆ ಜಗಳ.' ಅದು ಬದುಕಿದೆ, ಕಮಲಕ್ಕ."

ಕಮಲಾವತಿಯಮ್ಮ ಫೋನನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ತಲೆಯೆತ್ತದೆ ಕೇಳಿದರು, "ಹೌದಾ, ಅಂಕಿತ್?"

"ಹೌದು, ಅತ್ತೆ." ಅವನು ಚೌಕಟ್ಟು ಬಿಟ್ಟು ಮುಂದೆ ಬಂದ. "ಕಾಳು ಹಾಕುವುದು ನಿಲ್ಲಿಸಿ ಅಂದೆ, ನೀವು ನಕ್ಕಿರಿ. ಕಾಳಿಗೆ ಹಾಕಿದ್ದು ನಿಮ್ಮ ಹಳೆಯ ನಿದ್ದೆ ಮಾತ್ರೆ. ಕೊಲ್ಲಲಿಕ್ಕಲ್ಲ, ಆಣೆ. ಕಕ್ಕಿಂಜೆ ದಾಟಿ ನೆರಿಯದ ಕಾಡಂಚಿನಲ್ಲಿ ಬಿಟ್ಟೆ. ಎದ್ದು ಮರಕ್ಕೆ ಹಾರುವವರೆಗೆ ಒಂದು ಗಂಟೆ ಅಲ್ಲೇ ಕುಳಿತಿದ್ದೆ. ನೀವು ಕಂಪ್ಲೇಂಟ್ ಕೊಡ್ತೀರಿ ಅಂತ ಗೊತ್ತಿರಲಿಲ್ಲ. ಕೊಟ್ಟ ಮೇಲೆ ಹೇಳಲಿಕ್ಕೆ ಬಾಯಿ ಬರಲಿಲ್ಲ. ಹಕ್ಕಿಯ ಹೆಣ ಸಿಗದಿದ್ದರೆ ಕೇಸು ತಾನಾಗಿ ಬಿದ್ದುಹೋಗ್ತದೆ ಅಂದುಕೊಂಡೆ."

"ಗುರುವಾರದ ಒಳಗೆ ಬೀಳ್ತಿತ್ತಾ?" ಎಂದ ಉಜ್ವಲ್. ಜೋರಾಗಿ ಹೇಳಲಿಲ್ಲ. "ನನ್ನ ವಿಮಾನ ಮುಂದಿನ ಗುರುವಾರ."

ಕಮಲಾವತಿಯಮ್ಮ ಫೋನನ್ನು ಭವ್ಯಾಳ ಕೈಗೆ ಕೊಟ್ಟು ಅಂಕಿತ್ ಕಡೆ ನೋಡಿದರು. "ನೀರಿನ ಹುಳಕ್ಕೆ ನೋವಾಗಬಾರದು ಅಂತ ನಿನ್ನ ಕೈಗೆ ಗೊತ್ತಿತ್ತು. ಮನುಷ್ಯನ ಮಗ ಆ ಹುಳಕ್ಕಿಂತ ಸಣ್ಣದಾಗಿ ಕಂಡನಾ ನಿನಗೆ?" ಸಾಹೇಬರ ಕಡೆ ತಿರುಗಿದರು. "ಬರೆಯಿರಿ. ಇವನ ಹೆಸರೇ ಬರೆಯಿರಿ. ನನ್ನ ಅಳಿಯ ಅಂತ ಅಕ್ಷರ ಸಣ್ಣದು ಮಾಡಬೇಡಿ."

ಸಾಹೇಬರು ಬರೆದರು. ಹಿಡಿಯುವುದೂ ಅಪರಾಧವೇ, ಹಕ್ಕಿ ಬದುಕಿರುವುದರಿಂದ ಭಾರ ಕಡಿಮೆಯಾದೀತು, ಆದರೆ ಇಲ್ಲವೆಂದಾಗದು ಎಂದರು. ವೆಂಕಪ್ಪ ಹಳೆಯ ಕಾಗದವನ್ನು ಅಡ್ಡಡ್ಡ ಹರಿದು ಜೇಬಿಗೆ ಹಾಕಿದರು. ಅಂಕಿತ್ ಅವರೊಂದಿಗೆ ಜೀಪು ಹತ್ತಿದ. ಮುಂಡಪ್ಪಣ್ಣ ನೇರವಾಗಿ ದಿಬ್ಬ ಇಳಿದುಹೋದರು. ಉಜ್ವಲ್ ಮಾತ್ರ ನಿಂತು ಕೈಮುಗಿದ.

"ನನಗೆ ಬೇಡ ಮಾರಾಯ," ಎಂದರು ಝೈನಬಕ್ಕ. "ಮಸ್ಕತ್ತಿನಲ್ಲಿ ಯಾವ ಹಕ್ಕಿ ಬರ್ತದೆ ಅಂತ ಭವ್ಯಾಳಿಗೆ ಬರೆದು ಕಳಿಸು, ಸಾಕು."

ಭವ್ಯಾ ಕವರನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಮಡಿಸಿದಳು.

ಶುಕ್ರವಾರ ಹನ್ನೆರಡಕ್ಕೆ ಪೊಲೀಸ್ ಕಾನ್‌ಸ್ಟೆಬಲ್ ಬೈಕಿನಲ್ಲಿ ಬಂದ. ಮುಂಡಪ್ಪಣ್ಣನ ಚಾವಡಿಯಲ್ಲಿ ಕುಳಿತು ಉಜ್ವಲನ ಹೆಸರು, ವಯಸ್ಸು, ಓದು ಎಲ್ಲ ಬರೆದುಕೊಂಡ. "ಹುಡುಗನನ್ನು ಬಲ್ಲ ನೆರೆಯವರು ಇಬ್ಬರು ಸಹಿ ಹಾಕಬೇಕು," ಎಂದ. ಝೈನಬಕ್ಕ ಮೊದಲೇ ಬಂದು ಕುಳಿತಿದ್ದರು, ಹಾಕಿದರು. ಇನ್ನೊಂದಕ್ಕೆ ಅಂಗಡಿಯ ಯಾರನ್ನಾದರೂ ಕರೆತರಲು ಭವ್ಯಾ ಎದ್ದಳು.

ಅಷ್ಟರಲ್ಲಿ ಕೊಡೆ ಮಡಚುತ್ತಾ ಕಮಲಾವತಿಯಮ್ಮ ಅಂಗಳಕ್ಕೆ ಇಳಿದರು. ಆ ಅಂಗಳಕ್ಕೆ ಅವರು ಬಂದು ಎಷ್ಟೋ ವರ್ಷವಾಗಿತ್ತು.

"ಎರಡನೆಯದು ನಾನು ಹಾಕ್ತೇನೆ."

ಕಾನ್‌ಸ್ಟೆಬಲ್ ಕಾಗದದಿಂದ ತಲೆಯೆತ್ತಿದ. "ಅಮ್ಮಾ, ಇವರ ಮೇಲೆ ಕಂಪ್ಲೇಂಟ್ ಕೊಟ್ಟದ್ದು ನೀವೇ ಅಲ್ವಾ?"

"ಹೌದು. ಪೆನ್ನು ಕೊಡಿ."

ಅವರು ನಿಂತೇ ಸಹಿ ಹಾಕಿದರು, ಪೂರ್ತಿ ಹೆಸರು, ಗಂಡನ ಹೆಸರು, ಮನೆಯ ಹೆಸರು. ಮತ್ತೆ ಮುಂಡಪ್ಪಣ್ಣನ ಕಡೆ ತಿರುಗಿದರು. "ನಮ್ಮಲ್ಲಿ ಹತ್ತು ದಿನ ಮುಗಿದ ಮೇಲೆ ಎಲ್ಲರ ಹತ್ತಿರ ಕ್ಷಮೆ ಕೇಳುವ ಒಂದು ದಿನ ಉಂಟು. ಅಲ್ಲಿವರೆಗೆ ಕಾಯುವ ಅಂದುಕೊಂಡೆ. ಆದರೆ ಪೊಲೀಸಿನವರು ಇವತ್ತೇ ಬಂದಿದ್ದಾರೆ."

ಮುಂಡಪ್ಪಣ್ಣ ಬಹಳ ಹೊತ್ತು ಉಗುರಿನಿಂದ ಕುರ್ಚಿಯ ಕೈಯ ಬಣ್ಣ ಕೆರೆದರು. ಒಳಗೆ ಹೋದರು, ಎಳನೀರು ಕೆತ್ತಿ ತಂದರು, ಅರ್ಧದಲ್ಲಿ ನಿಂತರು.

"ನಿಮಗೆ ಒಪ್ಪೊತ್ತಲ್ಲವಾ," ಎಂದರು. "ಕುಡಿಯುವ ಹಾಗಿಲ್ಲ."

"ಇಲ್ಲ."

ಎಳನೀರು ಕಾನ್‌ಸ್ಟೆಬಲಿನ ಪಾಲಾಯಿತು. ಮುಂಡಪ್ಪಣ್ಣ ಪಂಚೆಗೆ ಕೈ ಒರೆಸಿಕೊಂಡರು. "ಸೋಮವಾರಕ್ಕೆ ಮುಗಿಯುವುದು ಅಲ್ಲವಾ ನಿಮ್ಮದು? ಮಂಗಳವಾರ ಬನ್ನಿ. ಊಟಕ್ಕೇ ಬನ್ನಿ. ಮಗ ಆಗಲೂ ಇಲ್ಲೇ ಇರ್ತಾನೆ."

"ಮಣ್ಣಿನಡಿಯ ಗೆಡ್ಡೆ ಹಾಕಬೇಡಿ," ಎಂದರು ಕಮಲಾವತಿಯಮ್ಮ.

"ಅಲಸಂಡೆ ಹಾಕುವ," ಎಂದರು ಮುಂಡಪ್ಪಣ್ಣ. "ಈ ವಾರ ಯಾರೂ ತಿನ್ನಲಿಲ್ಲ."